ಹೊಟ್ಟೆಯೊಳಗಿನ ಹಗೆ

ತಕ್ಕಡಿಯ ಕಣ್ಣಿಗೆ ಬೀಳದ ಕೊಬ್ಬೊಂದು ನಡುವಿನೊಳಗೆ ಬೀಡುಬಿಟ್ಟು ಆಯುಷ್ಯವನ್ನು ಸವೆಸುತ್ತದೆ. ಅದನ್ನು ಹಿಡಿದುಕೊಡಲು ದರ್ಜಿಯ ಅಳತೆಯ ಪಟ್ಟಿ ಸಾಕು. ಕರಗಿಸಲು ಬೇಕಾದುದು ಮನಸ್ಸು.

ಹೊಟ್ಟೆ ಬಂದವರನ್ನು ಸಮಾಜ ಬಹುಕಾಲ ಗೌರವದಿಂದಲೇ ಕಂಡಿದೆ. ಜರಿಯ ಪಂಚೆಯ ಮೇಲೆ ತುಂಬಿ ನಿಂತ ಉದರವು ಉಂಡುಟ್ಟು ಸುಖವಾಗಿರುವ ಮನೆತನದ ಕುರುಹು. ಮದುವೆಯಾದ ವರುಷದೊಳಗೆ ಅಳಿಯನ ಹೊಟ್ಟೆ ಮುಂದೆ ಬಂದರೆ ಅದು ಅತ್ತೆಯ ಮನೆಯ ಉಪಚಾರಕ್ಕೆ ಸಂದ ಪ್ರಶಸ್ತಿ. ಕಚೇರಿಯಲ್ಲಿ ಬಡ್ತಿ ದೊರೆತಂತೆಲ್ಲ ನಡುಪಟ್ಟಿಯಲ್ಲಿ ಹೊಸ ತೂತು ಬೀಳುವುದನ್ನು ಗೆಳೆಯರು ನಗುತ್ತಲೇ ಎಣಿಸುತ್ತಾರೆ. ಮೈ ತುಂಬಿಕೊಂಡರೆ 'ಕಳೆ ಬಂದಿದೆ' ಎಂದು ಮೆಚ್ಚುವ, ಸ್ವಲ್ಪ ಇಳಿದರೆ 'ಏನಾಯಿತು, ಸೊರಗಿ ಹೋದಿರಲ್ಲ' ಎಂದು ಮರುಗುವ ರೂಢಿ ಇನ್ನೂ ಹೋಗಿಲ್ಲ.

ಆದರೆ ಬಂದ ಕಳೆ ಎಲ್ಲಿ ಸೇರಿತು ಎಂಬುದು ಮುಖ್ಯ. ತೊಡೆಯಲ್ಲಿ, ತೋಳಿನಲ್ಲಿ, ಪೃಷ್ಠದಲ್ಲಿ ಸೇರಿದ ಕೊಬ್ಬು ಒಂದು ಬಗೆ. ಹೊಟ್ಟೆಯ ಗೋಡೆಯ ಒಳಗೆ, ಕರುಳಿನ ಮಡಿಕೆಗಳಲ್ಲಿ, ಯಕೃತ್ತಿನ ನೆರೆಯಲ್ಲಿ ಅಡಗಿ ಕುಳಿತ ಕೊಬ್ಬು ಇನ್ನೊಂದು ಬಗೆ. ಮೊದಲನೆಯದು ಬಹುಮಟ್ಟಿಗೆ ಹೊರೆ, ಎರಡನೆಯದು ಹಗೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಬೇರು ಹಲವು ವೇಳೆ ಅಲ್ಲಿಗೇ ಇಳಿದಿರುತ್ತದೆ. ಈ ಭೇದವನ್ನು ಕಂಡುಕೊಳ್ಳಲು ವೈದ್ಯಶಾಸ್ತ್ರಕ್ಕೆ ಅರ್ಧ ಶತಮಾನವೇ ಹಿಡಿಯಿತು.

ಷರಾಯಿಯ ಅಳತೆ ನುಡಿದ ಸಾಕ್ಷ್ಯ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹೃದಯಾಘಾತ ವೈದ್ಯರಿಗೆ ದೊಡ್ಡ ಚಿಂತೆಯಾಗಿತ್ತು. ಜೆರ್ರಿ ಮಾರಿಸ್ ಎಂಬ ವೈದ್ಯರು ಅದರ ಕಾರಣವನ್ನು ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಹುಡುಕಿದರು. ಆ ಬಸ್ಸಿನ ಡ್ರೈವರು ಮತ್ತು ಕಂಡಕ್ಟರು ಒಂದೇ ಸಂಸ್ಥೆಯ ನೌಕರರು. ದುಡಿಯುವುದು ಒಂದೇ ಬಸ್ಸಿನಲ್ಲಿ. ಆದರೆ ಡ್ರೈವರು ದಿನದ ಬಹುಪಾಲು ಆಸನ ಬಿಟ್ಟೇಳುವಂತಿಲ್ಲ. ಕಂಡಕ್ಟರಾದರೋ ಟಿಕೆಟು ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಿದ್ದನು. 1953ರಲ್ಲಿ ಮಾರಿಸ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯ ಸಾರ ಇಷ್ಟು: ಕಂಡಕ್ಟರುಗಳಲ್ಲಿ ಹೃದ್ರೋಗ ಕಡಮೆ, ಬಂದರೂ ತಡವಾಗಿ, ಸೌಮ್ಯವಾಗಿ ಬರುತ್ತದೆ.

ಈ ವ್ಯತ್ಯಾಸಕ್ಕೆ ಮೈಕಟ್ಟು ಕಾರಣವಿರಬಹುದೇ ಎಂಬ ಪ್ರಶ್ನೆ ಎದ್ದಾಗ ಅವರು ಹಿಡಿದ ದಾರಿ ಚಮತ್ಕಾರದ್ದು. ಬಸ್ಸಿನ ನೌಕರರಿಗೆ ಸಂಸ್ಥೆಯೇ ಸಮವಸ್ತ್ರ ಒದಗಿಸುತ್ತಿತ್ತು. ಅದರ ಅಳತೆಗಳ ದಾಖಲೆಗಳನ್ನು ತೆಗೆಸಿ ಅವರು ಷರಾಯಿಯ ನಡುವಿನ ಅಳತೆಗಳನ್ನು ಹೋಲಿಸಿದರು. ಡ್ರೈವರುಗಳ ನಡು ಕಂಡಕ್ಟರುಗಳ ನಡುವಿಗಿಂತ ದಪ್ಪವಾಗಿತ್ತು. ಎಳೆಯ ವಯಸ್ಸಿನವರಲ್ಲಿಯೂ ಅದೇ ಭೇದ. 1956ರಲ್ಲಿ ಈ ಲೆಕ್ಕ ಅಚ್ಚಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಡು ಸಣ್ಣವಿರಲಿ, ದಪ್ಪವಿರಲಿ, ಒಂದೇ ಮೈಕಟ್ಟಿನವರನ್ನು ಹೋಲಿಸಿದಾಗಲೂ ಮೆಟ್ಟಿಲು ಹತ್ತುವವನೇ ಕುಳಿತವನಿಗಿಂತ ಸುರಕ್ಷಿತನಾಗಿದ್ದನು. ದುಡಿಯುವ ಮೈಗೆ ತನ್ನದೇ ಒಂದು ಕವಚವುಂಟೆಂಬ ಈ ಮಾತು ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ಇದಕ್ಕೂ ಮೊದಲೇ, 1947ರಲ್ಲಿ, ಫ್ರಾನ್ಸಿನ ಮಾರ್ಸೇ ನಗರದ ಜಾನ್ ವಾಗ್ ಎಂಬ ವೈದ್ಯರು ಬೊಜ್ಜಿನಲ್ಲಿ ಎರಡು ಜಾತಿಗಳುಂಟೆಂದು ಬರೆದಿದ್ದರು. ಒಂದು, ಗಂಡಸರಲ್ಲಿ ಹೆಚ್ಚಾಗಿ ಕಾಣುವ, ದೇಹದ ಮೇಲುಭಾಗದಲ್ಲಿ ಸೇರುವ ಬೊಜ್ಜು. ಇನ್ನೊಂದು, ಹೆಂಗಸರಲ್ಲಿ ಹೆಚ್ಚಾಗಿ ಕಾಣುವ, ಪೃಷ್ಠ ಮತ್ತು ತೊಡೆಗಳಲ್ಲಿ ಸೇರುವ ಬೊಜ್ಜು. ಸಕ್ಕರೆ ಕಾಯಿಲೆಯೂ ರಕ್ತನಾಳಗಳ ರೋಗವೂ ಮೊದಲನೆಯ ಜಾತಿಯ ಬೆನ್ನು ಹತ್ತುತ್ತವೆಂದು ಅವರು ಎಚ್ಚರಿಸಿದರು. ಆ ಮಾತಿಗೆ ಅಂದು ಯಾರೂ ಹೆಚ್ಚು ಕಿವಿಗೊಡಲಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ 54 ವರ್ಷದ 792 ಮಂದಿ ಗಂಡಸರನ್ನು ಅಳೆದು, 13 ವರ್ಷ ಕಾದು ನೋಡಿದ ಪರಿಶೀಲನೆ 1984ರಲ್ಲಿ ಹೊರಬಂದಾಗ ವಾಗ್ ಅವರ ಮಾತಿಗೆ ಬೆಲೆ ಬಂದಿತು. ಯಾರಿಗೆ ಹೃದ್ರೋಗ, ಯಾರಿಗೆ ಪಾರ್ಶ್ವವಾಯು ಎಂಬುದನ್ನು ಒಟ್ಟು ಮೈತೂಕ ಮುಂಗಂಡು ಹೇಳಲಿಲ್ಲ; ಪೃಷ್ಠದ ಸುತ್ತಳತೆಗೆ ಹೋಲಿಸಿದ ನಡುವಿನ ಸುತ್ತಳತೆ ಹೇಳಿತು.

ಸುಮೋ ಜಟ್ಟಿಗಳ ಒಗಟು

ಬದುಕಿರುವ ಮನುಷ್ಯನ ಒಳಗಿನ ಕೊಬ್ಬನ್ನು ಕಣ್ಣಾರೆ ಕಾಣುವ ಉಪಾಯ ದೊರೆತುದು 1980ರ ದಶಕದಲ್ಲಿ. ಜಪಾನಿನ ಒಸಾಕಾ ವಿಶ್ವವಿದ್ಯಾನಿಲಯದಲ್ಲಿ ಯೂಜಿ ಮತ್ಸುಝಾವ ಮತ್ತು ಸಂಗಡಿಗರು ಸಿ.ಟಿ. ಯಂತ್ರದಿಂದ ಹೊಕ್ಕುಳಿನ ಮಟ್ಟದಲ್ಲಿ ಹೊಟ್ಟೆಯ ಅಡ್ಡಚಿತ್ರ ತೆಗೆದು ಕೊಬ್ಬನ್ನು ಎರಡಾಗಿ ವಿಂಗಡಿಸಿದರು. ಚರ್ಮದ ಕೆಳಗೆ, ಬೆರಳಿನಲ್ಲಿ ಹಿಡಿಯಲು ಬರುವುದು ಹೊರಗೊಬ್ಬು. ಹೊಟ್ಟೆಯ ಸ್ನಾಯುಗಳ ಹಿಂದೆ, ಕರುಳಿನ ಮುಂದೆ ಪರದೆಯಂತೆ ತೂಗುವ ಪೊರೆಯಲ್ಲಿಯೂ ಕರುಳನ್ನು ಹಿಡಿದಿರುವ ಮಡಿಕೆಗಳಲ್ಲಿಯೂ ತುಂಬುವುದು ಒಳಗೊಬ್ಬು. ಇದನ್ನು ಯಾವ ಬೆರಳೂ ಹಿಡಿಯಲಾರದು.

ಆಗ ಒಂದು ಒಗಟು ಬಿಡಿಸಿಕೊಂಡಿತು. ಜಪಾನಿನ ಸುಮೋ ಜಟ್ಟಿಗಳು ಬೆಟ್ಟದಂಥವರು. ಸಾಮಾನ್ಯನ ಎರಡು ಮೂರು ಪಟ್ಟು ಉಣ್ಣುವವರು. ಆದರೂ ಅಖಾಡದಲ್ಲಿರುವಷ್ಟು ಕಾಲ ಅವರಲ್ಲಿ ಹಲವರ ರಕ್ತದ ಸಕ್ಕರೆ ನೆಟ್ಟಗೇ ಇರುತ್ತಿತ್ತು. ಯಂತ್ರದ ಚಿತ್ರ ಕಾರಣ ಹೇಳಿತು: ಅವರ ಕೊಬ್ಬಿನ ಬಹುಪಾಲು ಚರ್ಮದ ಕೆಳಗಿತ್ತು, ಒಳಗೊಬ್ಬು ಬಹು ಕಡಮೆ. ದಿನವೂ ನಡೆಯುವ ಕಠಿಣ ಸಾಧಕವೇ ಅವರನ್ನು ಕಾಯುತ್ತಿತ್ತು.

ಇದಕ್ಕೆ ಎದುರಾದ ಸಾಕ್ಷ್ಯ ಅಮೆರಿಕದಿಂದ ಬಂದಿತು. 2004ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ 15 ಮಂದಿ ಸ್ಥೂಲಕಾಯದ ಹೆಂಗಸರ ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ಹೀರಿ ತೆಗೆಯಲಾಯಿತು. ಒಬ್ಬೊಬ್ಬರಿಂದ ಸುಮಾರು 10 ಕಿಲೋ ಕೊಬ್ಬು ಹೋಯಿತು, ನಡು ಸಣ್ಣದಾಯಿತು. ಮೂರು ತಿಂಗಳ ಬಳಿಕ ನೋಡಿದರೆ ರಕ್ತದ ಒತ್ತಡ, ಸಕ್ಕರೆ, ಕೊಲೆಸ್ಟರಾಲ್ ಯಾವುದೂ ಕದಲಿರಲಿಲ್ಲ. ಹೊರಗಿನ ಗೋಡೆ ಕೆರೆದರೇನು, ಒಳಗಿನ ಹಗೆ ಇದ್ದಲ್ಲಿಯೇ ಇತ್ತು.

ಉಗ್ರಾಣವೇ ಶತ್ರುವಾದಾಗ

ಕೊಬ್ಬು ಮೂಲತಃ ಕೆಟ್ಟದ್ದಲ್ಲ. ಸುಗ್ಗಿಯಲ್ಲಿ ತುಂಬಿ ಬರದಲ್ಲಿ ತೆಗೆಯುವುದಕ್ಕಾಗಿ ಪ್ರಕೃತಿ ಕಟ್ಟಿದ ಉಗ್ರಾಣವದು. ಕನ್ನಡ ನಾಡಿನ ಹಳ್ಳಿಗಳಲ್ಲಿ ರಾಗಿ, ಜೋಳಗಳನ್ನು ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೆ ಹಗೆ, ಹಗೇವು ಎಂದು ಹೆಸರು. ಶತ್ರುವಿಗೂ ಕನ್ನಡದಲ್ಲಿ ಹಗೆಯೆಂದೇ ಹೆಸರು. ಹೊಟ್ಟೆಯೊಳಗಿನ ಉಗ್ರಾಣಕ್ಕೆ ಈ ಎರಡು ಅರ್ಥಗಳೂ ಒಪ್ಪುತ್ತವೆ.

ಒಳಗೊಬ್ಬು ಶತ್ರುವಾಗಲು ಮೊದಲ ಕಾರಣ ಅದರ ನೆರೆಹೊರೆ. ಕರುಳಿನಿಂದ ಹೊರಟ ರಕ್ತ ಒಂದು ದೊಡ್ಡ ನಾಳದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಉಂಡ ಅನ್ನದ ಸಾರವನ್ನು ಯಕೃತ್ತು ಮೊದಲು ಪರೀಕ್ಷಿಸಲಿ ಎಂಬ ಏರ್ಪಾಟು ಇದು. ಒಳಗೊಬ್ಬಿನ ಬಹುಭಾಗದ ರಕ್ತವೂ ಇದೇ ನಾಳಕ್ಕೆ ಸೇರುತ್ತದೆ. ಈ ಕೊಬ್ಬು ಚಂಚಲ ಸ್ವಭಾವದ್ದು. ಬೇಗ ತುಂಬುತ್ತದೆ, ಬೇಗ ಸೋರುತ್ತದೆ. ಅದರಿಂದ ಸೋರಿದ ಕೊಬ್ಬಿನ ಆಮ್ಲಗಳು ಹಗಲಿರುಳು ಯಕೃತ್ತಿನ ಬಾಗಿಲಿಗೆ ಬಂದು ಬೀಳುತ್ತವೆ. ಹೊತ್ತ ಹೊರೆ ತಾಳದೆ ಯಕೃತ್ತು ತನ್ನೊಳಗೇ ಕೊಬ್ಬನ್ನು ತುಂಬಿಕೊಳ್ಳುತ್ತದೆ. ಉಳಿದುದನ್ನು ರಕ್ತಕ್ಕೆ ಬಿಡುತ್ತದೆ. ಮದ್ಯ ಮುಟ್ಟದವರಲ್ಲಿಯೂ 'ಕೊಬ್ಬಿದ ಯಕೃತ್ತು' ಕಾಣಿಸಿಕೊಳ್ಳುವುದು ಹೀಗೆ.

ಎರಡನೆಯ ಕಾರಣ ಅದರ ಬಾಯಿ. ಕೊಬ್ಬು ಮೂಕವಲ್ಲವೆಂದು, ಅದೂ ಗ್ರಂಥಿಯಂತೆ ರಸಗಳನ್ನು ಸ್ರವಿಸಿ ದೂರದ ಅವಯವಗಳಿಗೆ ಸಂದೇಶ ಕಳುಹುತ್ತದೆಂದು, 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ ಸ್ಪಷ್ಟವಾಯಿತು. ಉಬ್ಬಿದ ಒಳಗೊಬ್ಬು ಕಳುಹುವ ಸಂದೇಶಗಳು ಉರಿಯೂತದವು. ರಕ್ತನಾಳಗಳನ್ನು ಕಾಯುವ ಅಡಿಪೊನೆಕ್ಟಿನ್ ಎಂಬ ಹಿತವಾದ ರಸವಾದರೋ ಕುಗ್ಗುತ್ತದೆ. ಇದರ ಫಲವಾಗಿ ಸ್ನಾಯುಗಳೂ ಯಕೃತ್ತೂ ಇನ್ಸುಲಿನ್ನಿನ ಆಜ್ಞೆಗೆ ಕಿವಿಗೊಡುವುದಿಲ್ಲ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೂಗಿ ಹೇಳಬೇಕಾಗುತ್ತದೆ. ಕೂಗಿ ಕೂಗಿ ಅದರ ಗಂಟಲು ಬಿದ್ದ ದಿನ ರಕ್ತದಲ್ಲಿ ಸಕ್ಕರೆ ಏರುತ್ತದೆ. ವೈದ್ಯರು 'ಸಕ್ಕರೆ ಕಾಯಿಲೆ' ಎಂದು ಚೀಟಿ ಬರೆಯುವ ದಿನ ಅದು. ಆದರೆ ಕಾಯಿಲೆ ಹೊಟ್ಟೆಯೊಳಗೆ ಮನೆ ಮಾಡಿ ವರ್ಷಗಳೇ ಕಳೆದಿರುತ್ತವೆ.

ಬಡಕಲು ಕೈಕಾಲು, ತುಂಬಿದ ಹೊಟ್ಟೆ

ಭಾರತೀಯರಿಗೆ ಈ ವಿಷಯ ಉಳಿದವರಿಗಿಂತ ಹತ್ತಿರದ್ದು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ತಮ್ಮ ಭಾವಚಿತ್ರವನ್ನೇ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಗೆ ಕೊಟ್ಟರು. ಮೈತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸೂಚ್ಯಂಕ, ಎಂದರೆ ಬಿ.ಎಂ.ಐ., ಇಬ್ಬರದೂ 22.3. ನೋಡಿದರೆ ಇಬ್ಬರೂ ಸಪೂರ. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರಲ್ಲಿ ನೂರಕ್ಕೆ 9.1 ಭಾಗ, ಯಾಜ್ಞಿಕರಲ್ಲಿ ನೂರಕ್ಕೆ 21.2 ಭಾಗ! ತಕ್ಕಡಿ ಒಂದೇ ಎಂದಿತ್ತು. ಒಳಗಿನ ಲೆಕ್ಕ ಎರಡು ಪಟ್ಟಿಗೂ ಮಿಗಿಲಾದ ಅಂತರ ತೋರಿಸಿತು.

ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆಂಬುದನ್ನೂ ಯಾಜ್ಞಿಕರ ತಂಡ ತೋರಿಸಿತು. ಪುಣೆಯ ಬಳಿಯ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್ನಿನ ಶಿಶುಗಳದು 3.5 ಕಿಲೋ. ಪುಣೆಯ ಮಕ್ಕಳ ಸ್ನಾಯುಗಳೂ ಹೊಟ್ಟೆಯ ಅವಯವಗಳೂ ಚಿಕ್ಕವು. ಕೊಬ್ಬು ಮಾತ್ರ ಅಷ್ಟಾಗಿ ಕಡಮೆಯಿರಲಿಲ್ಲ. ಹೊರಗೆ ಬಡಕಲು, ಒಳಗೆ ಕೊಬ್ಬಿದ ಮಗು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೂ ಈ ಕಥೆಯಲ್ಲಿ ಗೌರವದ ಸ್ಥಾನವುಂಟು. ಮಿಷನ್ ಆಸ್ಪತ್ರೆಯೆಂದು ಊರಿನವರಿಗೆ ಪರಿಚಿತವಾದ ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ತೆಗೆದು ಪರೀಕ್ಷಿಸಿದ ಫಲ 1996ರಲ್ಲಿ ಪ್ರಕಟವಾಯಿತು. 45 ದಾಟಿದವರ ಪೈಕಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ. ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲಿಯೂ ಪುಣೆಯ ಮಕ್ಕಳ ಮೈಕಟ್ಟೇ ಕಂಡಿತು: ಕೈಕಾಲು ಸಣ್ಣ, ಮುಂಡದ ಮೇಲೆ ಕೊಬ್ಬು. ಬಸುರಿಯ ಬಡತನದ ಊಟ ಮಗುವಿನ ನಡುವಯಸ್ಸಿನವರೆಗೂ ಲೆಕ್ಕ ಕೇಳುತ್ತದೆ ಎಂಬುದು ಇದರ ತಾತ್ಪರ್ಯ.

ಅರೆಹೊಟ್ಟೆಯಲ್ಲಿ ಹುಟ್ಟಿದ ದೇಹಕ್ಕೆ ಹೊರಗಿನ ಉಗ್ರಾಣ ಚಿಕ್ಕದು ಎಂಬುದೊಂದು ವಾದ. ಪಟ್ಟಣದ ಜೀವನ ದೊರೆತು, ಊಟ ಹೆಚ್ಚಿ, ನಡಿಗೆ ತಪ್ಪಿದಾಗ ಆ ಚಿಕ್ಕ ಉಗ್ರಾಣ ಬೇಗ ತುಂಬಿ ಮಿಕ್ಕಿದ್ದು ಒಳಕ್ಕೆ ಚೆಲ್ಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ಭಾಗಗಳಲ್ಲಿ 1,13,000ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 28.6 ಮಂದಿಗೆ ಒಟ್ಟು ಮೈಯ ಬೊಜ್ಜಿದ್ದರೆ, ಹೊಟ್ಟೆಯ ಬೊಜ್ಜು ನೂರಕ್ಕೆ 39.5 ಮಂದಿಗೆ ಇತ್ತು. ತಕ್ಕಡಿಯ ಮೇಲೆ ನಿಂತು 'ನನಗೇನೂ ಇಲ್ಲ' ಎಂದು ನೆಮ್ಮದಿಯಿಂದ ಇಳಿಯುವವರು ಎಷ್ಟು ಮಂದಿಯೆಂಬುದು ಈ ಎರಡು ಅಂಕೆಗಳ ನಡುವಿನ ಅಂತರದಿಂದಲೇ ತಿಳಿಯುತ್ತದೆ.

ಅಳೆಯುವ ಕ್ರಮ

ಒಳಗೊಬ್ಬನ್ನು ನಿಖರವಾಗಿ ಅಳೆಯಲು ದುಬಾರಿ ಯಂತ್ರಗಳು ಬೇಕು. ಆದರೆ ಮನೆಯ ಹೊಲಿಗೆಯ ಪೆಟ್ಟಿಗೆಯಲ್ಲಿರುವ ಪಟ್ಟಿ ಅದನ್ನು ಊಹಿಸಲು ಸಾಕಾಗುತ್ತದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಸಡಿಲವಾಗಿ ನಿಲ್ಲಬೇಕು. ಪಕ್ಕೆಲುಬಿನ ಕೆಳಗಿನ ಅಂಚನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಗುರುತಿಸಿ, ಎರಡರ ನಟ್ಟನಡುವೆ ಪಟ್ಟಿಯನ್ನು ನೆಲಕ್ಕೆ ಸಮಾಂತರವಾಗಿ ಸುತ್ತಬೇಕು. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳತೆ ಓದಬೇಕು. ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಅಳೆಯುವವರು ಮೋಸ ಮಾಡುವುದು ತಮಗೇ. ಷರಾಯಿಯ ಅಳತೆಯನ್ನು ನಂಬಿ ಕೂರುವುದೂ ಸಲ್ಲದು. ಹೊಟ್ಟೆ ಬೆಳೆದಂತೆ ಷರಾಯಿ ಅದರ ಕೆಳಕ್ಕೆ ಜಾರಿಕೊಂಡು ಹಳೆಯ ಅಳತೆಯಲ್ಲಿಯೇ ಉಳಿದುಬಿಡುತ್ತದೆ.

ಭಾರತೀಯರಿಗೆ ವೈದ್ಯರು ಹಾಕಿರುವ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್. ಇದಕ್ಕಿಂತಲೂ ಸುಲಭವಾದ ಸೂತ್ರವೊಂದುಂಟು: ನಡುವಿನ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಮೆಯಿರಬೇಕು. 160 ಸೆಂಟಿಮೀಟರ್ ಎತ್ತರದವರಿಗೆ 80 ಎಲ್ಲೆ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2022ರಲ್ಲಿ ಈ ಸೂತ್ರವನ್ನೇ ಜನರಿಗೆ ಸೂಚಿಸಿತು. ಜಪಾನಿನಲ್ಲಾದರೋ 2008ರಿಂದ 40ರಿಂದ 74 ವರ್ಷದವರ ವಾರ್ಷಿಕ ತಪಾಸಣೆಯಲ್ಲಿ ನಡುವಿನ ಅಳತೆಯೂ ಸೇರಿತು.

ಗೆರೆ ದಾಟಿದ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ರಕ್ತದ ಸಕ್ಕರೆ, ಕೊಬ್ಬು ಮತ್ತು ಒತ್ತಡಗಳನ್ನು ವೈದ್ಯರಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳುವುದು ವಿವೇಕ. ಹೆಂಗಸರು ಮುಟ್ಟು ನಿಂತ ಬಳಿಕ ವಿಶೇಷವಾಗಿ ಗಮನವಿಡಬೇಕು. ಅದುವರೆಗೆ ಕೊಬ್ಬನ್ನು ತೊಡೆಯತ್ತ ಕಳುಹುತ್ತಿದ್ದ ಹಾರ್ಮೋನು ಕುಗ್ಗಿ, ಅದು ಹೊಟ್ಟೆಯತ್ತ ತಿರುಗುವ ಕಾಲವದು. ಕೆಲವೇ ವಾರಗಳಲ್ಲಿ ಹೊಟ್ಟೆ ಊದಿ, ಕಾಲುಗಳೂ ಊದಿಕೊಂಡರೆ ಅದು ಕೊಬ್ಬಾಗಿರದೆ ಜಲೋದರವಾಗಿರಬಹುದು. ಅಂಥವರು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೊಟ್ಟೆ ಕರಗಿಸುವ ಹುಸಿಮಂತ್ರಗಳು

ಹೊಟ್ಟೆಯ ಭಯ ಇದ್ದಲ್ಲಿ ಹೊಟ್ಟೆ ಕರಗಿಸುವ ವ್ಯಾಪಾರವೂ ಇದೆ. ನಡುವಿಗೆ ಬಿಗಿಯುವ ಪಟ್ಟಿ, ನಡುಗಿಸುವ ಯಂತ್ರ, ಬೆವರಿಳಿಸುವ ಹಬೆ, ನೀರಿಗೆ ಕದಡುವ ಪುಡಿ ಎಲ್ಲವೂ ಮಾರಾಟಕ್ಕಿವೆ. ಹಬೆಯಲ್ಲಿ ಇಳಿಯುವುದು ನೀರು. ಎರಡು ಲೋಟ ಕುಡಿದರೆ ಮರಳಿ ಬಂದಿತು. ಬೆಳಗ್ಗೆ ಬಿಸಿನೀರಿಗೆ ಜೇನು, ನಿಂಬೆ ಬೆರೆಸಿ ಕುಡಿಯುವವರು ಜೇನಿನಲ್ಲಿಯೂ ಸಕ್ಕರೆಯೇ ಇದೆಯೆಂಬುದನ್ನು ಮರೆಯಬಾರದು.

ಹೊಟ್ಟೆಗೆಂದೇ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆಂಬ ನಂಬಿಕೆಯೂ ಹುಸಿ. ಟೆನ್ನಿಸ್ ಆಟಗಾರರ ಆಡುವ ತೋಳು ಇನ್ನೊಂದಕ್ಕಿಂತ ಬಲಿಷ್ಠ. ಆದರೆ ಚರ್ಮದಡಿಯ ಕೊಬ್ಬು ಎರಡು ತೋಳುಗಳಲ್ಲಿಯೂ ಒಂದೇ ಸಮ ಎಂದು 1971ರಲ್ಲಿಯೇ ಅಳೆದು ತೋರಿಸಲಾಗಿತ್ತು. 1984ರ ಪ್ರಯೋಗವೊಂದರಲ್ಲಿ 13 ಮಂದಿ ಗಂಡಸರು 27 ದಿನಗಳಲ್ಲಿ ಒಬ್ಬೊಬ್ಬರೂ 5,004 ಬಾರಿ ಮಲಗಿ ಎದ್ದು ಹೊಟ್ಟೆಯ ಕಸರತ್ತು ಮಾಡಿದರು. ಹೊಟ್ಟೆಯ ಕೊಬ್ಬಿನ ಕಣಗಳು ಬೆನ್ನಿನ, ಪೃಷ್ಠದ ಕಣಗಳಿಗಿಂತ ಹೆಚ್ಚಾಗಿ ಕುಗ್ಗಲಿಲ್ಲ. ಶರೀರ ತನ್ನ ಉಗ್ರಾಣದಿಂದ ಎಲ್ಲಿ ತೆಗೆಯಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಸಿವನ್ನು ತಗ್ಗಿಸುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳು ಬಂದಿವೆ. ಇವು ಹುಸಿಯಲ್ಲ, ತಕ್ಕ ರೋಗಿಗೆ ವೈದ್ಯರ ಕಣ್ಣಳತೆಯಲ್ಲಿ ಫಲ ಕೊಡುತ್ತವೆ. ಆದರೆ ಸೆಮಾಗ್ಲುಟೈಡ್ ಎಂಬ ಔಷಧವನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಸುಮಾರು ಮೂರನೆಯ ಎರಡು ಭಾಗ ಒಂದು ವರ್ಷದಲ್ಲಿ ಮರಳಿ ಬಂದಿತೆಂದು 2022ರ ವರದಿ ತಿಳಿಸಿತು. ಔಷಧವಿದ್ದರೂ ಇಲ್ಲದಿದ್ದರೂ ಅಡುಗೆಯ ಮನೆ ಮತ್ತು ಕಾಲು ಇವೆರಡನ್ನು ಬಿಟ್ಟು ದಾರಿಯಿಲ್ಲ.

ಕರಗಿಸುವ ದಾರಿ

ಇಷ್ಟೆಲ್ಲ ಅಂಜಿಕೆಯ ನಡುವೆ ಒಂದು ಸಂತೋಷದ ಸಂಗತಿಯುಂಟು. ಚಂಚಲವಾದ ಒಳಗೊಬ್ಬು ಬರುವುದರಲ್ಲಿ ಮುಂದಾದಂತೆ ಹೋಗುವುದರಲ್ಲಿಯೂ ಮುಂದು. ಮೈತೂಕ ನೂರಕ್ಕೆ ಐದು ಭಾಗ ಇಳಿದರೂ ಒಳಗೊಬ್ಬು ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇಳಿಯುತ್ತದೆ. ತೂಕ ಇಳಿಯದಿದ್ದರೂ ನಡಿಗೆ ವ್ಯರ್ಥವಲ್ಲ. ಕೆನಡಾದಲ್ಲಿ ರಾಬರ್ಟ್ ರಾಸ್ ಮತ್ತು ಸಂಗಡಿಗರು ಸ್ಥೂಲಕಾಯದ ಗಂಡಸರಿಂದ ಮೂರು ತಿಂಗಳು ದಿನವೂ ವ್ಯಾಯಾಮ ಮಾಡಿಸಿ, ತೂಕ ಇಳಿಯದಂತೆ ಊಟವನ್ನು ಸರಿದೂಗಿಸಿದರು. 2000ದಲ್ಲಿ ಪ್ರಕಟವಾದ ಫಲ: ತಕ್ಕಡಿಯ ಮುಳ್ಳು ಕದಲಲಿಲ್ಲ, ಒಳಗೊಬ್ಬು ಕರಗಿತು. ಒಂದು ತಿಂಗಳು ನಡೆದು, ತಕ್ಕಡಿ ನೋಡಿ, ಬೇಸತ್ತು ಬಿಡುವವರು ಇದನ್ನು ನೆನೆಯಬೇಕು.

ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ, ಜೊತೆಗೆ ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ: ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಬಿರುಸಿಗೆ ಇದೇ ಅಳತೆ. ದಂಡ, ಬಸ್ಕಿ, ಸೂರ್ಯನಮಸ್ಕಾರಗಳಿಗೆ ಯಂತ್ರವೂ ಬೇಡ, ಶುಲ್ಕವೂ ಬೇಡ. ಬೆಳಗ್ಗೆ ಅರ್ಧ ಗಂಟೆ ನಡೆದು ಉಳಿದ ದಿನವೆಲ್ಲ ಕುರ್ಚಿಗೆ ಅಂಟಿಕೊಂಡರೆ ಸಾಲದು. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುವುದು, ಫೋನಿನಲ್ಲಿ ನಿಂತು ಮಾತಾಡುವುದು, ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಡುವುದು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಆದರೆ ಕಾಲು ಗಳಿಸಿದ್ದನ್ನು ಕೈ ಕಳೆಯಬಾರದು. ಅರ್ಧ ಗಂಟೆಯ ಬಿರುನಡಿಗೆಯಲ್ಲಿ ವೆಚ್ಚವಾಗುವ ಶಕ್ತಿ ಸುಮಾರು 140 ಕೆಲೊರಿ. 15 ಗ್ರಾಂ ತುಪ್ಪದಲ್ಲಿಯೂ ಹತ್ತಿರ ಹತ್ತಿರ ಅಷ್ಟೇ ಇದೆ. ನಡಿಗೆ ಮುಗಿಸಿದ ಗೆಳೆಯರ ಗುಂಪು ಹೋಟೆಲು ಹೊಕ್ಕು ಬೆಣ್ಣೆದೋಸೆಗೆ ಹೇಳಿದರೆ ಲೆಕ್ಕ ಯಾವ ಕಡೆ ವಾಲುವುದೆಂದು ಹೇಳಬೇಕಾಗಿಲ್ಲ. ಕಾಫಿಯ ಲೆಕ್ಕವೂ ಹಾಗೆಯೇ. ಲೋಟಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಲೋಟ ಎಂದರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ ಒಬ್ಬರಿಗೆ 1,200 ಗ್ರಾಂ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಿಂಡಿಯ ಸಿಹಿ, ಬಿಸ್ಕತ್ತು, ಹಬ್ಬದ ಹೋಳಿಗೆ ಇನ್ನೂ ಈ ಲೆಕ್ಕಕ್ಕೆ ಸೇರಿಲ್ಲ.

ಭಾರತೀಯರ ಊಟದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಭಾಗ ಅನ್ನ, ಹಿಟ್ಟು, ಸಕ್ಕರೆಗಳಂಥ ಪಿಷ್ಟಪದಾರ್ಥಗಳಿಂದಲೇ ಬರುತ್ತದೆಂದು 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಪರಿಶೀಲನೆ ತಿಳಿಸಿದೆ. ಅದರಲ್ಲಿ ಸ್ವಲ್ಪ ಪಾಲನ್ನು ಬೇಳೆಕಾಳು, ಹಾಲು ಮೊಸರುಗಳ ಸಸಾರಜನಕಕ್ಕೆ ಬಿಟ್ಟುಕೊಟ್ಟರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುತ್ತದೆಂಬುದೂ ಅದೇ ಪರಿಶೀಲನೆಯ ಮಾತು. ಇದಕ್ಕಾಗಿ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಡಿಸುವ ಕ್ರಮ ಬದಲಾದರೆ ಸಾಕು. ಬೆಟ್ಟದಂಥ ಅನ್ನಕ್ಕೆ ಚಮಚ ಪಲ್ಯ ಎಂಬುದು ಹೋಗಿ, ಎಲೆಯ ಅರ್ಧಭಾಗ ಪಲ್ಯ, ಕೋಸಂಬರಿ, ಸೊಪ್ಪಿನ ಹುಳಿಗಳಿಂದ ತುಂಬಬೇಕು. ಹುರುಳಿಸಾರು, ಹೆಸರುಕಾಳು, ಮಜ್ಜಿಗೆ ದಿನದ ಊಟದಲ್ಲಿ ಬರಬೇಕು. ಚಕ್ಕುಲಿ, ಕೋಡುಬಳೆಗಳ ಡಬ್ಬ ಕೈಗೆಟುಕದ ಅಟ್ಟಕ್ಕೆ ಏರಬೇಕು. ರಾಗಿ ಒಳ್ಳೆಯದೆಂದು ಎರಡು ಮುದ್ದೆಯ ಜಾಗದಲ್ಲಿ ನಾಲ್ಕು ಉಂಡರೆ ಅದೂ ಹಗೇವಿಗೇ ಸೇರುತ್ತದೆ. ಅತಿಸ್ಥೂಲತೆಗೆ ಅತಿಯಾದ ಊಟ, ಸಿಹಿ ಜಿಡ್ಡು, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ ಇವೇ ಕಾರಣವೆಂದು ಚರಕಸಂಹಿತೆಯೂ ಪಟ್ಟಿ ಮಾಡಿ, ಆಹಾರದಲ್ಲಿ ಹುರುಳಿ, ಹೆಸರು, ಜವೆಗೋಧಿಗಳನ್ನು ಸೂಚಿಸಿದೆ.

ನಿದ್ದೆಯ ಕೊರತೆಯೂ ಹೊಟ್ಟೆಗೆ ಸೇರುತ್ತದೆಂಬುದು ಹಲವರಿಗೆ ಹೊಸ ಮಾತಾದೀತು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಪ್ರಯೋಗದಲ್ಲಿ 12 ಮಂದಿ ಆರೋಗ್ಯವಂತರಿಗೆ ಎರಡು ವಾರ ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ, ಅವರು ಹೆಚ್ಚು ತಿಂದರು. ಒಳಗೊಬ್ಬು ನೂರಕ್ಕೆ ಸುಮಾರು 11 ಭಾಗ ಬೆಳೆಯಿತು. 2022ರಲ್ಲಿ ಇದು ಪ್ರಕಟವಾಯಿತು. ನಡುರಾತ್ರಿಯವರೆಗೆ ಪರದೆಯ ಮುಂದೆ ಕುಳಿತು ಕುರುಕುತ್ತಿರುವ ಮನೆಗಳಿಗೆ ಇದು ಎಚ್ಚರಿಕೆ. ಮದ್ಯವೂ ತಂಬಾಕೂ ಒಳಗೊಬ್ಬಿನ ಪಕ್ಷಪಾತಿಗಳೇ. ಧೂಮಪಾನಿ ಸಪೂರವಾಗಿ ಕಂಡರೂ ಅವನ ಕೊಬ್ಬು ನಡುವಿನತ್ತ ಸರಿಯುತ್ತದೆ.

ಸಣ್ಣ ಬದಲಾವಣೆಗಳಿಂದ ಆಗುವುದೇನು ಎಂಬ ಸಂದೇಹಕ್ಕೆ ಚೆನ್ನೈಯಿಂದ ಉತ್ತರ ಬಂದಿದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಗುಂಪುಗಳಾಗಿ ವಿಂಗಡಿಸಿ ಸುಮಾರು ಮೂರು ವರ್ಷ ನೋಡಿಕೊಂಡರು. ಔಷಧವಿಲ್ಲದೆ ಊಟದ ಹಿತಮಿತ ಮತ್ತು ದಿನಕ್ಕೆ ಅರ್ಧ ಗಂಟೆಯ ನಡಿಗೆಯನ್ನು ಮಾತ್ರ ಪಾಲಿಸಿದವರಲ್ಲಿ ಕಾಯಿಲೆಗೆ ಜಾರುವ ಅಪಾಯ ನೂರಕ್ಕೆ 28.5 ಭಾಗ ತಗ್ಗಿತೆಂದು 2006ರ ವರದಿ ಹೇಳಿತು. ಅವರ ಮೈತೂಕ ಹೆಚ್ಚೇನೂ ಇಳಿದಿರಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಬೆಳೆಯುವ ಮಕ್ಕಳನ್ನೂ ಬಸುರಿಯರನ್ನೂ ಬೊಜ್ಜಿನ ಹೆದರಿಕೆಯಿಂದ ಉಪವಾಸ ಕೆಡವಬಾರದು. ಮಕ್ಕಳಿಗೆ ಬೇಕಾದುದು ಸಂಜೆಯ ಆಟದ ಬಯಲು. ಬಸುರಿಗೆ ಬೇಕಾದುದು ಪುಷ್ಟಿಯಾದ ಊಟ. ಈಗ ತಾಯಿಯ ತಟ್ಟೆಗೆ ಬಿದ್ದ ಬೇಳೆ, ಸೊಪ್ಪು, ಹಾಲುಗಳು ಐವತ್ತು ವರ್ಷಗಳ ಮೇಲೆ ಮಗುವಿನ ಹೃದಯವನ್ನು ಕಾಯುತ್ತವೆಂಬುದನ್ನು ಮೈಸೂರಿನ ಹಳೆಯ ದಾಖಲೆಗಳು ಸಾರುತ್ತಿವೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು. ಅವರ ಕಾಲದಲ್ಲಿ ಉಂಡುದನ್ನು ಅರಗಿಸಲು ಹೊಲವಿತ್ತು, ಬಾವಿಯ ಹಗ್ಗವಿತ್ತು, ಒರಳು ಬೀಸುವ ಕಲ್ಲುಗಳಿದ್ದವು. ಅವೆಲ್ಲ ಹೋದ ಮನೆಯಲ್ಲಿ ಊಟ ಮಾತ್ರ ಹಳೆಯ ಅಳತೆಯಲ್ಲಿ ಉಳಿಯುವುದು ನ್ಯಾಯವಲ್ಲ. ಮನೆಯವರೆಲ್ಲ ಒಂದು ಭಾನುವಾರ ಬೆಳಗ್ಗೆ ಪಟ್ಟಿ ಹಿಡಿದು ನಡುವನ್ನು ಅಳೆದು, ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟರೆ, ಮೂರು ತಿಂಗಳ ಮೇಲೆ ಮತ್ತೆ ಅಳೆಯಲು ಅದೇ ಆಧಾರ. ಅಷ್ಟರಲ್ಲಿ ಎರಡು ಬೆರಳಗಲ ಇಳಿದಿದ್ದರೆ ಆ ಮನೆಗೆ ಬಂದ ಲಾಭವನ್ನು ಯಾವ ಬ್ಯಾಂಕಿನ ಪುಸ್ತಕವೂ ತೋರಿಸಲಾರದು.